ದಲ್ಲಾಳಿಯ ಪತ್ರ, ಧನಿಯ ವಿಶ್ವಾಸ: 1906ರ ಸುತ್ತಮುತ್ತಲಿನ ವ್ಯವಹಾರಪತ್ರಗಳನ್ನು ಕುರಿತು

ವ್ಯಾಪಾರದ ಚರಿತ್ರೆಯನ್ನು ಬರೆಯಹೊರಟವರು ಮೊದಲು ಹುಡುಕುವುದು ಲೆಕ್ಕದ ಪುಸ್ತಕಗಳನ್ನು. ದಿನವಹಿ, ಖಾತೆವಹಿ, ವರ್ಷಾಂತ್ಯದ ಆಸ್ತಿ-ಬಾಧ್ಯತೆಯ ಪಟ್ಟಿ ಇವುಗಳಲ್ಲಿ ಅಂಕಿಗಳು ಸಿಗುತ್ತವೆ. ಆದರೆ ಒಬ್ಬನು ಮತ್ತೊಬ್ಬನ ಹಣವನ್ನು ಏಕೆ ತೆಗೆದುಕೊಂಡನು, ಏನು ಹೇಳಿ ತೆಗೆದುಕೊಂಡನು, ಕೊಟ್ಟವನು ಏನೆಂದು ನಂಬಿ ಕೊಟ್ಟನು ಎಂಬುದನ್ನು ಅಂಕಿಗಳು ಹೇಳವು. ಅದು ಪತ್ರಗಳಲ್ಲಿ ಮಾತ್ರ ಇರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಷೇರು, ಸಾಲಪತ್ರ, ಠೇವಣಿಗಳ ಮಧ್ಯಸ್ಥಿಕೆ ನಡೆಸುತ್ತಿದ್ದ ಸಂಸ್ಥೆಗಳ ಪತ್ರವ್ಯವಹಾರವನ್ನು ಕುರಿತು ವಿಚಾರ ಮಾಡುವುದು ಆ ಕಾರಣದಿಂದ ನಮಗೆ ಪ್ರಯೋಜನಕರ. ನಮ್ಮ ಸಮಾಜದಲ್ಲಿ ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳವರು ಅನೇಕರು. ಬಸದಿಗಳ ಆಡಳಿತ ಮಂಡಲಿಯಲ್ಲಿ ಕುಳಿತು ಇತರರ ಹಣವನ್ನು ಕಾಯುವವರೂ ಅನೇಕರು.

ಅಂದಿನ ಕಚೇರಿಯಲ್ಲಿ ಪತ್ರಗಳನ್ನು ಹೇಗೆ ಇಡುತ್ತಿದ್ದರು ಎಂಬುದನ್ನು ಇಂದಿನ ತರುಣರಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ಬಂದ ಪತ್ರವನ್ನು ಉದ್ದಕ್ಕೆ ಮಡಿಸಿ, ಅದರ ಬೆನ್ನಿನ ಮೇಲೆ ಕಳುಹಿಸಿದವರ ಹೆಸರು, ಊರು, ಪತ್ರದ ತಾರೀಕು, ತಲಪಿದ ತಾರೀಕು, ಉತ್ತರ ಕೊಟ್ಟ ತಾರೀಕು ಇಷ್ಟನ್ನು ಬರೆದು ಕಟ್ಟು ಕಟ್ಟಿ ಇಡುತ್ತಿದ್ದರು. ಹೋಗುವ ಪತ್ರದ ಪ್ರತಿಯನ್ನು ಉಳಿಸಿಕೊಳ್ಳುವ ಉಪಾಯ ಇನ್ನೂ ಸ್ವಾರಸ್ಯಕರವಾದುದು. ಉಗಿಯಂತ್ರದಿಂದ ಪ್ರಸಿದ್ಧನಾದ ಜೇಮ್ಸ್ ವಾಟ್ 1780ರಲ್ಲಿ ಪತ್ರದ ಪ್ರತಿ ತೆಗೆಯುವ ಒಂದು ವಿಧಾನಕ್ಕೆ ಹಕ್ಕುಪತ್ರ ಪಡೆದಿದ್ದನು. ವಿಶೇಷವಾದ ಮಸಿಯಲ್ಲಿ ಬರೆದ ಪತ್ರದ ಮೇಲೆ ತೇವ ಮಾಡಿದ ತೆಳುಕಾಗದದ ಹಾಳೆಯನ್ನಿಟ್ಟು ಕಬ್ಬಿಣದ ಒತ್ತುಯಂತ್ರದಲ್ಲಿ ಅದುಮಿದರೆ ಅಕ್ಷರಗಳು ಆ ಹಾಳೆಗೆ ಇಳಿಯುತ್ತವೆ. ಹಾಳೆ ತೆಳುವಾದ್ದರಿಂದ ಹಿಂಬದಿಯಿಂದ ಮೂಡಿದ ಬರಹವನ್ನು ಮುಂಬದಿಯಿಂದ ಓದಬಹುದು. ಇಂತಹ ನೂರಾರು ತೆಳುಹಾಳೆಗಳನ್ನು ಪುಟಸಂಖ್ಯೆ ಹಾಕಿ ಮೊದಲೇ ಹೊಲಿದಿಟ್ಟ ಪುಸ್ತಕಕ್ಕೆ ಕಾಪಿ ಪುಸ್ತಕವೆಂದು ಹೆಸರು. ಬೆರಳಚ್ಚು ಯಂತ್ರವೂ ಕಾರ್ಬನ್ ಕಾಗದವೂ ಬಳಕೆಗೆ ಬಂದ ಮೇಲೆಯೂ ಎಷ್ಟೋ ಕಾಲ ಹಲವು ಕಚೇರಿಗಳು ಇದನ್ನೇ ನೆಚ್ಚಿಕೊಂಡಿದ್ದವು. ಕಾರಣ ಸರಳ: ಹೊಲಿದ ಪುಸ್ತಕದಿಂದ ಒಂದು ಹಾಳೆಯನ್ನು ಕಿತ್ತರೆ ಪುಟಸಂಖ್ಯೆ ಕೂಡಲೇ ಕೂಗಿ ಹೇಳುತ್ತದೆ. ಬಿಡಿ ಪ್ರತಿಗೆ ಆ ಬಾಯಿಲ್ಲ.

ದಲ್ಲಾಳಿಯ ಪತ್ರಗಳಲ್ಲಿ ಮುಖ್ಯವಾಗಿ ಮೂರು ಬಗೆ. ಗಿರಾಕಿ ಬರೆಯುವ ಆಜ್ಞೆ ಒಂದು. ಇಂತಹ ಷೇರನ್ನು ಇಂತಹ ಬೆಲೆಗೆ ಮೀರದಂತೆ ಕೊಳ್ಳಿರಿ ಅಥವಾ ಮಾರಿರಿ ಎಂಬುದು. ದಲ್ಲಾಳಿ ಕಳುಹಿಸುವ ಒಪ್ಪಂದದ ಚೀಟಿ ಇನ್ನೊಂದು. ಕೊಂಡ ಬೆಲೆ, ದಲ್ಲಾಳಿ, ಮುದ್ರಾಶುಲ್ಕ ಇವುಗಳ ವಿವರ ಅದರಲ್ಲಿರುತ್ತದೆ. ಮೂರನೆಯದು ಪೇಟೆಯ ಸುದ್ದಿ, ಸಲಹೆಗಳಿರುವ ಪತ್ರ. ಮೊದಲನೆಯ ಎರಡರಲ್ಲಿ ಸುಳ್ಳು ಹೇಳುವುದು ಕಷ್ಟ, ಸಿಕ್ಕಿಬೀಳುವುದು ಸುಲಭ. ಮೂರನೆಯದರಲ್ಲಿ ಒಂದಕ್ಷರವೂ ಸುಳ್ಳಿಲ್ಲದೆಯೇ ಮೋಸ ಮಾಡಬಹುದು. ಹೇಳಬೇಕಾದ ಒಂದು ಮಾತನ್ನು ಬಿಟ್ಟರೆ ಸಾಕು. ಅವಸರದ ವಿಷಯಗಳಿಗೆ ತಂತಿ ಇತ್ತು. ತಂತಿಗೆ ಪದದ ಲೆಕ್ಕದಲ್ಲಿ ಹಣ ತೆರಬೇಕಾದ್ದರಿಂದ ಒಂದು ಪದದಲ್ಲಿ ಒಂದು ಇಡೀ ವಾಕ್ಯವನ್ನು ಅಡಗಿಸುವ ಸಂಕೇತಕೋಶಗಳು ಬಳಕೆಯಲ್ಲಿದ್ದವು.

ನಮ್ಮ ಸೀಮೆಯ ಜನರಿಗೆ ಈ ರೀತಿ ತೀರ ಅಪರಿಚಿತವಾಗಿರಲಿಲ್ಲ. ಇಂದಿನ ಪುತ್ತೂರು, ಸುಳ್ಯ, ಕಡಬ ಪ್ರದೇಶಗಳೆಲ್ಲ ಆಗ ಉಪ್ಪಿನಂಗಡಿ ತಾಲೂಕೆಂಬ ಒಂದೇ ಹೆಸರಿನಡಿ ಇದ್ದವು. ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಘಟ್ಟದ ಬುಡದ ಅಡಿಕೆ, ಕರಿಮೆಣಸುಗಳು ಗಾಡಿಯಲ್ಲಿ ಇಳಿದು, ನೇತ್ರಾವತಿಯ ದೋಣಿಗಳಲ್ಲಿ ಮಂಗಳೂರಿನ ಬಂದರಿನ ಭಂಡಸಾಲೆಗಳನ್ನು ಸೇರುತ್ತಿದ್ದವು; ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಮಂಗಳೂರಿಗೆ ರೈಲು ಬಂದುದೇ 1907ರಲ್ಲಿ. ಪುತ್ತೂರಿಗೆ ಅದು ಬರುವುದಕ್ಕೆ ಮತ್ತೆ ಎಪ್ಪತ್ತು ವರ್ಷಗಳು ಬೇಕಾದವು. ತೋಟದ ಯಜಮಾನನು ಬಂದರಿಗೆ ಹೋಗಿ ಬರುವುದು ವರ್ಷಕ್ಕೆ ಒಂದೆರಡು ಬಾರಿ ಮಾತ್ರ. ಉಳಿದ ದಿನಗಳಲ್ಲಿ ಭಂಡಸಾಲೆಯವನು ಬರೆದದ್ದೇ ಧಾರಣೆ, ಅವನು ತೂಗಿದ್ದೇ ತೂಕ, ಅವನು ಮುರಿದುಕೊಂಡದ್ದೇ ಕಮಿಷನ್. “ಉಭಯ ಕುಶಲೋಪರಿ ಸಾಂಪ್ರತ” ಎಂದು ಆರಂಭವಾಗುವ ಕಾಗದದಲ್ಲಿ ಮನೆಯ ಮದುವೆಯ ಸಮಾಚಾರದ ಕೆಳಗೆ ಅಡಿಕೆಯ ಪಟ್ಟಿಯೂ ಇರುತ್ತಿತ್ತು. ಷೇರು ದಲ್ಲಾಳಿಯ ಗಿರಾಕಿಯ ಸ್ಥಿತಿಯೂ ಇದೇ: ದೂರದಲ್ಲಿರುವವನು, ಕಾಣದವನು, ಕಾಗದವನ್ನು ನಂಬಬೇಕಾದವನು.

ಭಾರತದ ಷೇರು ದಲ್ಲಾಳಿಗಳ ಮಾತು ಬಂದಾಗ ಪ್ರೇಮಚಂದ ರಾಯಚಂದರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಸೂರತ್ತಿನ ಜೈನ ಮನೆತನದ ಈ ವ್ಯಕ್ತಿ ಮುಂಬಯಿಯ ದಲ್ಲಾಳಿಗಳಲ್ಲಿ ಇಂಗ್ಲಿಷ್ ಓದಿ ಬರೆಯಬಲ್ಲ ಮೊದಲಿಗರೆಂದು ಹೆಸರಾದವರು. ಆ ಕಾಲಕ್ಕೆ ಅದು ಸಣ್ಣ ಬಲವಲ್ಲ. ಐರೋಪ್ಯ ವ್ಯಾಪಾರಿಯ ಪತ್ರವನ್ನು ತಾವೇ ಓದಿ ತಾವೇ ಉತ್ತರ ಬರೆಯುವವರಿಗೆ ಮಧ್ಯದಲ್ಲಿ ದುಭಾಷಿ ಬೇಕಿರಲಿಲ್ಲ. 1861ರಿಂದ 1865ರ ವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಆ ಹಣವೆಲ್ಲ ಹೊಸ ಬ್ಯಾಂಕುಗಳ, ಸಮುದ್ರವನ್ನು ತೂರ್ದು ನೆಲ ಮಾಡುವ ಕಂಪನಿಗಳ ಷೇರುಗಳಿಗೆ ನುಗ್ಗಿತು. ಪ್ರೇಮಚಂದರ ಒಂದು ಚೀಟಿ ಇದ್ದರೆ ಬ್ಯಾಂಕಿನಲ್ಲಿ ಸಾಲ ಸಿಗುವುದೆಂಬ ಖ್ಯಾತಿ ಹಬ್ಬಿತ್ತು. ಯುದ್ಧ ಮುಗಿಯಿತು; 1865ರ ಜುಲೈ 1ರಂದು ವಾಯಿದೆಯ ಬಾಕಿಗಳನ್ನು ಸಲ್ಲಿಸಬೇಕಾದ ದಿನ ಮುಂಬಯಿ ಕುಸಿಯಿತು. ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. ಸರ್ಕಾರ ನೇಮಿಸಿದ ವಿಚಾರಣಾ ಆಯೋಗವು ಆ ಬ್ಯಾಂಕಿನ ಸಾಲಗಳನ್ನು ಪರಿಶೀಲಿಸಿದಾಗ, ತಕ್ಕ ಆಧಾರವಿಲ್ಲದೆ ಕೇವಲ ವ್ಯಕ್ತಿಯ ಮಾತಿನ ಮೇಲೆ ಕೊಟ್ಟ ಸಾಲಗಳು ಬೆಳಕಿಗೆ ಬಂದವು.

ಪ್ರೇಮಚಂದರ ದಾನಗಳನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ತಾಯಿ ರಾಜಾಬಾಯಿಯವರ ಹೆಸರಿನ ಗಡಿಯಾರದ ಗೋಪುರ 1878ರಿಂದ ಮುಂಬಯಿ ವಿಶ್ವವಿದ್ಯಾಲಯದ ಆವರಣದಲ್ಲಿ ನಿಂತಿದೆ. ಕಲಕತ್ತಾ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ವಿದ್ಯಾರ್ಥಿವೇತನವಿದೆ. ಅವರು ಬಿದ್ದ ಮೇಲೆ ಊರು ಬಿಟ್ಟು ಓಡಲಿಲ್ಲ, ಮತ್ತೆ ದುಡಿದು 1906ರಲ್ಲಿ ತೀರಿಕೊಳ್ಳುವವರೆಗೂ ಗೌರವದಿಂದ ಬಾಳಿದರು ಎಂಬುದೂ ನಿಜ. ಆದರೆ ದಾನದ ಫಲಕವನ್ನು ಮಾತ್ರ ಓದಿ ಚೀಟಿಯ ಕಥೆಯನ್ನು ಬಿಡುವುದು ಚರಿತ್ರೆಯಾಗಲಾರದು. ಚೀಟಿಯಲ್ಲಿ ಹೆಸರಿತ್ತು, ಆಧಾರವಿರಲಿಲ್ಲ. ಕೊಟ್ಟವರ ತಪ್ಪು ಅದರಲ್ಲಿ ಬರೆದವರ ತಪ್ಪಿಗಿಂತ ಕಡಿಮೆಯೇನಲ್ಲವೆಂದು ನನ್ನ ಅಭಿಪ್ರಾಯ. ಈ ಅನುಭವದ ನಂತರವೇ, 1875ರಲ್ಲಿ, ಮುಂಬಯಿಯ ದಲ್ಲಾಳಿಗಳು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಆಲದ ಮರದ ಕೆಳಗಿನ ವ್ಯವಹಾರಕ್ಕೆ ನಿಯಮ ಬಂದುದು ಹಾಗೆ.

ಪ್ರೇಮಚಂದರು ತೀರಿಕೊಂಡ ಅದೇ 1906ರಲ್ಲಿ ನಮ್ಮ ಪ್ರಾಂತ್ಯದ ರಾಜಧಾನಿಯಲ್ಲಿ ಇನ್ನೊಂದು ಕಟ್ಟಡ ಉರುಳಿತು. ಮದರಾಸಿನ ಅರ್ಬುತ್‌ನಾಟ್ ಕಂಪನಿಯು ಪ್ಯಾರಿ, ಬಿನ್ನಿ ಕಂಪನಿಗಳ ಸಾಲಿನಲ್ಲಿ ಎಣಿಕೆಯಾಗುತ್ತಿದ್ದ, ಸುಮಾರು ಒಂದು ಶತಮಾನದ ಹಿರಿಮೆಯುಳ್ಳ ಕೋಠಿ. ರಫ್ತು, ತೋಟಗಳ ನಿರ್ವಹಣೆ, ಏಜೆನ್ಸಿಗಳ ಜೊತೆಗೆ ಜನರ ಠೇವಣಿಗಳನ್ನೂ ಅದು ಸ್ವೀಕರಿಸುತ್ತಿತ್ತು, ಗಿರಾಕಿಗಳ ಪರವಾಗಿ ಹಣ ತೊಡಗಿಸುತ್ತಿತ್ತು. ನಿವೃತ್ತ ನೌಕರರು, ವಕೀಲರು, ವಿಧವೆಯರು ತಮ್ಮ ಉಳಿತಾಯವನ್ನು ಅಲ್ಲಿ ಇಟ್ಟಿದ್ದರು. ಲಂಡನ್ನಿನಲ್ಲಿ ಇದಕ್ಕೆ ಜೊತೆಯ ಸಂಸ್ಥೆಯೊಂದಿತ್ತು. ಅದನ್ನು ಪಾಲುದಾರನಾದ ಮ್ಯಾಕ್‌ಫೇಡಿಯನ್ ನೋಡಿಕೊಳ್ಳುತ್ತಿದ್ದನು. ಅವನು ಸಟ್ಟಾ ವ್ಯವಹಾರಗಳಲ್ಲಿ ಭಾರಿ ಹಣವನ್ನು ಕಳೆದನು. ಮದರಾಸಿನ ಠೇವಣಿಗಳ ಹಣ ಲಂಡನ್ನಿನ ಹಳ್ಳವನ್ನು ತುಂಬಲು ಹರಿಯುತ್ತಿತ್ತು. 1906ರ ಅಕ್ಟೋಬರಿನಲ್ಲಿ ಮ್ಯಾಕ್‌ಫೇಡಿಯನ್ ಲಂಡನ್ನಿನಲ್ಲಿ ರೈಲಿಗೆ ಸಿಕ್ಕಿ ಪ್ರಾಣ ಬಿಟ್ಟನು, ಆತ್ಮಹತ್ಯೆ. ಅಕ್ಟೋಬರ್ 22ರಂದು ಮದರಾಸಿನ ಕೋಠಿ ಬಾಗಿಲು ಹಾಕಿತು. ಸಾವಿರಾರು ಕುಟುಂಬಗಳ ಹಣ ಮುಳುಗಿತು. ಕೋಠಿಯ ಮುಖ್ಯಸ್ಥ ಸರ್ ಜಾರ್ಜ್ ಅರ್ಬುತ್‌ನಾಟ್‌ಗೆ ಹದಿನೆಂಟು ತಿಂಗಳ ಕಠಿಣ ಶಿಕ್ಷೆಯಾಯಿತು. ಆಳುವವರ ವರ್ಗಕ್ಕೆ ಸೇರಿದ ಅಷ್ಟು ದೊಡ್ಡ ವ್ಯಕ್ತಿ ಜೈಲಿಗೆ ಹೋಗುವುದು ಆ ಕಾಲದಲ್ಲಿ ಊಹಿಸಲಾಗದ ಸಂಗತಿಯಾಗಿತ್ತು.

ಇಲ್ಲಿ ನಾವು ಗಮನಿಸಬೇಕಾದುದು ಎರಡು ಪತ್ರಧಾರೆಗಳನ್ನು. ಒಂದು, ಪಾಲುದಾರರು ತಮ್ಮೊಳಗೆ ಮದರಾಸಿನಿಂದ ಲಂಡನ್ನಿಗೆ, ಲಂಡನ್ನಿನಿಂದ ಮದರಾಸಿಗೆ ಬರೆದುಕೊಳ್ಳುತ್ತಿದ್ದುದು. ಹಡಗಿನ ಅಂಚೆಗೆ ವಾರಗಳು ಹಿಡಿಯುತ್ತಿದ್ದ ಕಾಲ ಅದು. ಹೋಗಿ ಬರುವಷ್ಟರಲ್ಲಿ ತಿಂಗಳು ಮೀರುತ್ತಿತ್ತು. ಇನ್ನೊಂದು, ಅದೇ ಕಚೇರಿಯಿಂದ ಠೇವಣಿದಾರರಿಗೆ ಹೋಗುತ್ತಿದ್ದುದು: ತಮ್ಮ ಹಣ ಸ್ವೀಕೃತವಾಗಿದೆ, ಬಡ್ಡಿ ಇಂತಿಷ್ಟು ಎಂಬ ವಿನಯಪೂರ್ವಕವಾದ ನಾಲ್ಕು ಸಾಲು. ಎರಡು ಧಾರೆಗಳೂ ಒಂದೇ ಸೂರಿನಡಿ ಹುಟ್ಟುತ್ತವೆ, ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯುವುದಿಲ್ಲ. ಕೋಠಿಯ ಸ್ಥಿತಿ ಕೆಟ್ಟಿರುವುದನ್ನು ಬಲ್ಲವನು ಹೊಸ ಠೇವಣಿಯ ರಶೀದಿಗೆ ಸಹಿ ಹಾಕುವಾಗ ಆ ರಶೀದಿಯಲ್ಲಿ ಬರೆದ ಮೊತ್ತ ಸರಿ, ತಾರೀಕು ಸರಿ, ಹೆಸರು ಸರಿ. ಸುಳ್ಳೆಲ್ಲಿದೆ? ಬರೆಯದೆ ಬಿಟ್ಟ ಸಾಲಿನಲ್ಲಿ.

ಕಾನೂನು ಇದನ್ನು ಆಗಲೇ ತಿಳಿದಿತ್ತು. ಬಿ.ಕಾಂ. ತರಗತಿಯಲ್ಲಿ ನಾವು ಉರು ಹೊಡೆದ 1872ರ ಭಾರತೀಯ ಕರಾರು ಕಾಯಿದೆಯಲ್ಲಿ ನಿಯೋಗಿಯ ಕರ್ತವ್ಯಗಳನ್ನು ಹೇಳುವ ಕಲಮುಗಳಿವೆ. ಕೇಳಿದಾಗ ಲೆಕ್ಕ ಒಪ್ಪಿಸಬೇಕೆನ್ನುವುದು 213ನೆಯ ಕಲಮು. ಕಷ್ಟ ಬಂದಾಗ ಧನಿಯೊಂದಿಗೆ ಸಂಪರ್ಕಿಸಿ ಅವನ ಆದೇಶವನ್ನು ಪಡೆಯಲು ಯುಕ್ತ ಪ್ರಯತ್ನ ಮಾಡಬೇಕೆನ್ನುವುದು 214ನೆಯದು. ಅಂದರೆ ಪತ್ರ ಬರೆಯುವುದೇ ಅಲ್ಲಿ ಕರ್ತವ್ಯ. ನಿಯೋಗಿಯು ಧನಿಯ ಒಪ್ಪಿಗೆ ಪಡೆಯದೆ ಅದೇ ವ್ಯವಹಾರದಲ್ಲಿ ತನ್ನ ಸ್ವಂತ ಲಾಭಕ್ಕೆ ಕೈಹಾಕಿದರೆ ಧನಿ ಏನು ಮಾಡಬಹುದೆಂದು 215 ಮತ್ತು 216ನೆಯ ಕಲಮುಗಳು ತಿಳಿಸುತ್ತವೆ: ಮುಖ್ಯ ಸಂಗತಿಯನ್ನು ಮುಚ್ಚಿಟ್ಟಿದ್ದರೆ ವ್ಯವಹಾರವನ್ನು ನಿರಾಕರಿಸಬಹುದು, ಲಾಭವನ್ನು ಕೇಳಿ ಪಡೆಯಬಹುದು. ಷೇರು ದಲ್ಲಾಳಿ ತನ್ನಲ್ಲಿರುವ ಷೇರನ್ನೇ, ಪೇಟೆಯಲ್ಲಿ ಕೊಂಡೆನೆಂದು ಹೇಳಿ, ಗಿರಾಕಿಗೆ ದಾಟಿಸುವ ಹಳೆಯ ಚಾಳಿಗೆ ಇದೇ ಮದ್ದು. 1956ರ ಷೇರುಪತ್ರ ಕರಾರು ನಿಯಂತ್ರಣ ಕಾಯಿದೆಯ 15ನೆಯ ಕಲಮು ಈ ವಿಷಯವನ್ನು ಇನ್ನೂ ಬಿಗಿ ಮಾಡಿ, ದಲ್ಲಾಳಿ ತಾನೇ ಎದುರು ಪಕ್ಷವಾಗಿದ್ದರೆ ಗಿರಾಕಿಯ ಒಪ್ಪಿಗೆ ಪಡೆದು, ಒಪ್ಪಂದದ ಚೀಟಿಯಲ್ಲಿಯೇ ಅದನ್ನು ಕಾಣಿಸಬೇಕೆಂದು ವಿಧಿಸಿತು.

1872ರ ಸಾಕ್ಷ್ಯ ಕಾಯಿದೆಯ 34ನೆಯ ಕಲಮೂ ವರ್ತಕರಿಗೆ ಚಿರಪರಿಚಿತ. ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕದ ನಮೂದು ಸಾಕ್ಷ್ಯವಾಗುತ್ತದೆ, ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು. ಹಾಗಾದರೆ ನಮೂದಿಗೆ ಬೆಂಬಲವೇನು? ಬಹಳಮಟ್ಟಿಗೆ ಪತ್ರವೇ. ಆ ಕಾಯಿದೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೆಯ ಕಲಮಿನಲ್ಲಿ ಇದೇ ನಿಯಮ ಮುಂದುವರಿದಿದೆ.

ಕಾನೂನಿಗಿಂತ ಸೂಕ್ಷ್ಮವಾಗಿ ಇದನ್ನು ನಮ್ಮ ಆಚಾರ್ಯರು ಕಂಡಿದ್ದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಎರಡು ನೇರವಾಗಿ ದಲ್ಲಾಳಿಯ ಮೇಜಿಗೆ ಸಂಬಂಧಿಸಿದವು: ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ. ಮೊದಲನೆಯದು ಖೋಟಾ ಬರಹ. ಒಬ್ಬನು ಆಡದ ಮಾತನ್ನು, ಮಾಡದ ಕಾರ್ಯವನ್ನು ವಂಚನೆಗಾಗಿ ಬರೆದಿಡುವುದು. ಎರಡನೆಯದನ್ನು ‘ಠೇವಣಿ ನುಂಗುವುದು’ ಎಂದು ಸ್ಥೂಲವಾಗಿ ಅರ್ಥ ಮಾಡುವವರಿದ್ದಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಬೇರೆಯಾಗಿದೆ. ಹಣ ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು ನ್ಯಾಸಾಪಹಾರ. ಇಲ್ಲಿ ಕದ್ದದ್ದಿಲ್ಲ, ಖೋಟಾ ಮಾಡಿದ್ದಿಲ್ಲ. ಇನ್ನೊಬ್ಬನ ಮರೆವಿಗೆ ತಲೆಯಾಡಿಸಿದ್ದು ಅಷ್ಟೇ. ಇದನ್ನು ಅಚೌರ್ಯದ ಅಡಿಯಲ್ಲಿ ಅಲ್ಲ, ಸತ್ಯದ ಅಡಿಯಲ್ಲಿ ಎಣಿಸಿರುವುದು ಗಮನಾರ್ಹ. ಅರ್ಬುತ್‌ನಾಟ್ ಕೋಠಿಯ ವಿನಯದ ನಾಲ್ಕು ಸಾಲುಗಳನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಕೇಳುವವರಿಗೆ ಈ ವ್ಯಾಖ್ಯಾನದ ನೆರೆಹೊರೆಯಲ್ಲೇ ಉತ್ತರವಿದೆ. ತಿಳಿಯದವನ ಅಜ್ಞಾನವನ್ನು ತಿಳಿದವನು ತನ್ನ ಬಂಡವಾಳ ಮಾಡಿಕೊಳ್ಳುವುದು ಎರಡಕ್ಕೂ ಸಮಾನ.

ಧರ್ಮದ ಹಣಕ್ಕೆ ಬರಹದ ರಕ್ಷೆ ಬೇಕೆಂಬುದನ್ನು ನಮ್ಮ ಹಿರಿಯರು ಶಾಸ್ತ್ರದಲ್ಲಿ ಮಾತ್ರ ಹೇಳಲಿಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ ಅಭಿಷೇಕದ ಹಾಲಿಗೆ, ಪೂಜೆಯ ಹೂವಿಗೆ ಇಟ್ಟ ಮೂಲಧನ, ಅದರ ಬಡ್ಡಿಯಿಂದ ನಡೆಯಬೇಕಾದ ಸೇವೆ ಇವುಗಳನ್ನು ಕಲ್ಲಿನಲ್ಲಿ ಕೊರೆಸಿದ್ದಾರೆ. ಊರೆಲ್ಲ ಓದಬಹುದಾದ, ಯಾರೂ ಹರಿಯಲಾಗದ ಠೇವಣಿಪತ್ರ ಅದು.

ಮದರಾಸಿನ ಕುಸಿತದಿಂದ ಎಚ್ಚೆತ್ತ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರ ಪ್ರಯತ್ನದಿಂದ 1907ರಲ್ಲಿ ಇಂಡಿಯನ್ ಬ್ಯಾಂಕ್ ಹುಟ್ಟಿತು. ನಮ್ಮ ಜಿಲ್ಲೆ ಮಾತ್ರ ಆ ಪೆಟ್ಟಿಗೆ ಕಾಯಲಿಲ್ಲ. 1906ರ ಮಾರ್ಚಿಯಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ನನ್ನು ಆರಂಭಿಸಿದ್ದರು. ಮೊದಲ ದಿನ ಸಂಗ್ರಹವಾದ ಹಣ 38 ರೂಪಾಯಿ 13 ಆಣೆ 2 ಪೈ. ಈ ಎರಡು ಪೈಯನ್ನು ಮರೆಯದೆ ಬರೆದಿಟ್ಟ ಗುಮಾಸ್ತನಿಗೆ ನಮಸ್ಕಾರ ಹೇಳಬೇಕೆನಿಸುತ್ತದೆ. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಅರ್ಬುತ್‌ನಾಟ್ ಬಿದ್ದಾಗ ಇವೆರಡೂ ತಿಂಗಳುಗಳ ಕೂಸುಗಳು.

ಪುತ್ತೂರಿನ ಕಥೆ ಇವಕ್ಕಿಂತ ಸಣ್ಣದು, ಆದರೆ ನಮ್ಮ ವಿಷಯಕ್ಕೆ ಹತ್ತಿರದ್ದು. ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು 1909ರಲ್ಲಿ ಇಲ್ಲಿ ಸಹಕಾರಿ ಸಾಲದ ಸಂಘವನ್ನು ಕಟ್ಟಿದರು. 1904ರ ಸಹಕಾರಿ ಕಾಯಿದೆ ಬಂದು ಐದೇ ವರ್ಷಗಳಾಗಿದ್ದವು. ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕೂ 1914ರಲ್ಲಿ ಪುತ್ತೂರಿನಲ್ಲಿಯೇ ಕೆಲಸ ಆರಂಭಿಸಿತು; ಮಂಗಳೂರಿಗೆ ಹೋದುದು ಅನಂತರ. ಜಿಲ್ಲಾ ಕೇಂದ್ರದ ಬಂದರನ್ನು ಬಿಟ್ಟು ಒಳನಾಡಿನ ಪುಟ್ಟ ಪೇಟೆಯಲ್ಲಿ ಅಂತಹ ಬ್ಯಾಂಕು ಹುಟ್ಟಿದುದು ಅಪರೂಪವೇ ಸರಿ. ಇದನ್ನು ಮದರಾಸಿನ ದಿವಾಳಿಯ ನೇರ ಫಲವೆಂದು ಹೇಳುವುದು ಅತಿಶಯೋಕ್ತಿಯಾದೀತು. ಇಲ್ಲಿನ ರೈತನನ್ನು ಬಾಧಿಸುತ್ತಿದ್ದುದು ಲಂಡನ್ನಿನ ಸಟ್ಟಾ ಅಲ್ಲ, ಮುಂಗಡ ಸಾಲ ಕೊಟ್ಟು ಬೆಳೆಯನ್ನು ಮೊದಲೇ ಕಟ್ಟಿಹಾಕುವ ಪದ್ಧತಿ. ಆದರೂ ಇಬ್ಬರ ರೋಗವೂ ಒಂದೇ: ಹಣ ಒಂದೆಡೆ, ಹಣದ ಸುದ್ದಿ ಇನ್ನೊಂದೆಡೆ. ಸಹಕಾರಿ ಸಂಘದಲ್ಲಿ ಸಾಲ ಕೊಡುವವರು, ಪಡೆಯುವವರು, ಜಾಮೀನು ನಿಲ್ಲುವವರು ಒಂದೇ ಸಂತೆಯಲ್ಲಿ ಎದುರಾಗುವವರು. ಪತ್ರದ ಕೆಲಸ ಅಲ್ಲಿ ಸಭೆಯ ನೋಟೀಸಿಗೆ, ನಡವಳಿಯ ಪುಸ್ತಕಕ್ಕೆ ಇಳಿಯಿತು. ಸುದ್ದಿಯನ್ನು ಬಚ್ಚಿಡುವುದಕ್ಕೆ ಜಾಗ ಸಾಲದು.

ಪರಿಚಯವಿದ್ದ ಮಾತ್ರಕ್ಕೆ ಮೋಸವಿಲ್ಲವೆಂದು ನಾನು ವಾದಿಸಲಾರೆ. ಪರಿಚಯಸ್ಥರ ಸಂಘಗಳೂ ಮುಳುಗಿವೆ. 1992ರಲ್ಲಿ ಮುಂಬಯಿಯ ಷೇರು ಹಗರಣ ಬಯಲಾದಾಗ ಕಂಡುದು ಏನು? ಬ್ಯಾಂಕು ಬ್ಯಾಂಕಿಗೆ ಕೊಡುವ ರಶೀದಿ, ಅದರ ಹಿಂದೆ ಸಾಲಪತ್ರವೇ ಇರಲಿಲ್ಲ. ಹಾಗೆ ಬರಿದಾದ ರಶೀದಿ ಕೊಟ್ಟವುಗಳಲ್ಲಿ ಬ್ಯಾಂಕ್ ಆಫ್ ಕರಾಡ್ ಮತ್ತು ಮೆಟ್ರೊಪಾಲಿಟನ್ ಕೋಆಪರೇಟಿವ್ ಬ್ಯಾಂಕ್ ಎಂಬ ಎರಡು ಸಣ್ಣ ಸಂಸ್ಥೆಗಳಿದ್ದವು, ಎರಡನೆಯದು ಸಹಕಾರಿಯೇ. ನೂರಮೂವತ್ತು ವರ್ಷಗಳ ಹಿಂದಿನ ಚೀಟಿ ಬೇರೆ ವೇಷದಲ್ಲಿ ಬಂದಿತ್ತು. ಈ ಬಾರಿಯೂ ನಡುವೆ ನಿಂತವರು ದಲ್ಲಾಳಿಗಳೇ. ಅವರಲ್ಲಿ ನಮ್ಮ ಧರ್ಮದಲ್ಲಿ ಹುಟ್ಟಿದವರೂ ಇದ್ದರೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ.

1996ರ ಡಿಪಾಸಿಟರಿ ಕಾಯಿದೆಯ ನಂತರ ಷೇರುಪತ್ರ ಕಾಗದವಾಗಿ ಉಳಿಯಲಿಲ್ಲ. ಒಪ್ಪಂದದ ಚೀಟಿಯೂ ಈಗ ಫೋನಿಗೆ ಬರುತ್ತದೆ. ಮಂಗಳೂರಿನಲ್ಲಿ 1984ರಲ್ಲಿ ಆರಂಭವಾಗಿದ್ದ ಷೇರು ವಿನಿಮಯ ಕೇಂದ್ರ ಇಂದಿಲ್ಲ. ಉಡುಪಿಯ 38 ರೂಪಾಯಿಯ ಬ್ಯಾಂಕು ಕಾರ್ಪೊರೇಶನ್ ಬ್ಯಾಂಕೆಂಬ ಹೆಸರಿನಲ್ಲಿ ಬೆಳೆದು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಹೀಗೆ ಸಂಸ್ಥೆಗಳು ಒಂದರಲ್ಲೊಂದು ಕರಗುವಾಗ ಹಳೆಯ ಶಾಖೆಗಳ ಪತ್ರಗಳ ಗತಿಯೇನು ಎಂಬ ಪ್ರಶ್ನೆ ಬಸದಿಯ ಆಡಳಿತದವರಿಗೆ ಕೇವಲ ಕುತೂಹಲದ್ದಲ್ಲ. ದಾನಿಯೊಬ್ಬರು ಇಂತಹ ಪೂಜೆಗೆಂದು ನಿಶ್ಚಯಿಸಿ ಇಟ್ಟ ಠೇವಣಿಯ ಮೊತ್ತ ಬ್ಯಾಂಕಿನಲ್ಲಿ ಸಿಗುತ್ತದೆ; ಯಾವ ಉದ್ದೇಶಕ್ಕೆ ಇಟ್ಟರೆಂಬುದು ಅವರು ಬರೆದ ಪತ್ರದಲ್ಲಿ ಮಾತ್ರ ಇರುತ್ತದೆ. ಆ ಪತ್ರ ಗುಜರಿಗೆ ಹೋದರೆ ಪೂಜ್ಯಪಾದರು ಹೇಳಿದ ಮರೆವು ದಾನಿಯದಲ್ಲ, ಕಾಯುವವರದೇ ಆಗುತ್ತದೆ.

ನಮ್ಮ ಮೂರು ತಾಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಿ, ಪೆಟ್ಟಿಗೆಗಳಲ್ಲಿ ಅಡಿಕೆಯ ಪಟ್ಟಿಗಳು, ಭಂಡಸಾಲೆಯ ಕಾಗದಗಳು, ಫಂಡುಗಳ ರಶೀದಿಗಳು ಉಳಿದಿದ್ದರೆ ಅವನ್ನು ತೆಗೆದು ನೋಡಬೇಕು. ಕಾಪಿ ಪುಸ್ತಕದ ಮಸಿ ನೀರಿಗೆ ಕರಗುವಂಥದು. ತೇವವಾದರೆ ಹರಡುತ್ತದೆ, ಬಿಸಿಲಿಗೆ ಬಣ್ಣಗೆಡುತ್ತದೆ. ಆದ್ದರಿಂದ ಒರಸುವುದಾಗಲಿ ಬಿಸಿಲಿಗೆ ಹರಡುವುದಾಗಲಿ ಕೂಡದು. ಪ್ಲಾಸ್ಟಿಕ್ ಹೊದಿಕೆಯನ್ನು ಬಿಸಿ ಮಾಡಿ ಅಂಟಿಸುವುದೂ ಹಾನಿಕರ. ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಗಾಳಿಗೆ ಬಿಚ್ಚಿಟ್ಟು, ಮೃದುವಾದ ಕುಂಚದಿಂದ ಧೂಳು ತೆಗೆದು, ಮೊದಲಿದ್ದ ಕ್ರಮವನ್ನು ಕೆಡಿಸದೆ ಛಾಯಾಚಿತ್ರ ತೆಗೆದುಕೊಂಡು, ಮತ್ತೆ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಹಲಗೆಯಲ್ಲಿಡುವುದು ಸಾಕು. ಕಟ್ಟಿನ ಮೇಲೆ ಮನೆಯ ಹೆಸರು, ವರ್ಷ, ಒಟ್ಟು ಪತ್ರಗಳ ಸಂಖ್ಯೆ ಬರೆದ ಚೀಟಿಯೊಂದಿರಲಿ.